ಕೆಳಗಿನ ಸಾಲು

ನಾಲ್ಕು ಗಂಟೆಗೆ ದಾದಾ ವರದಿಯನ್ನು ಮುಂಬಯಿಗೆ ಕಳಿಸುತ್ತಾನೆಂಬುದು ಅಪೂರ್ವಳಿಗೆ ಮೂರು ದಿನದಿಂದ ಗೊತ್ತಿತ್ತು. ಆ ವರದಿಯಲ್ಲಿ ತನ್ನ ತಪ್ಪೊಂದು ಕಾಲು ಮಡಚಿಕೊಂಡು ಕೂತಿದೆ ಎಂಬುದು ಗೊತ್ತಾದದ್ದು ಮಾತ್ರ ಈಗ, ಮುಂಜಾನೆ ಹತ್ತೂವರೆಯ ಹೊತ್ತಿಗೆ, ಹಿತ್ತಲ ಬಾವಿಕಟ್ಟೆಯ ಹತ್ತಿರ ಆಯಿಯ ಕೈಯೊಳಗಿನ ಒದ್ದೆ ಅರಿವೆಯನ್ನು ನೋಡುತ್ತ ನಿಂತಾಗ. ಆಯಿ, ಅಂದರೆ ಅವಳ ತಂದೆಯ ತಾಯಿ ಕಸ್ತೂರೆವ್ವ, ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ದಿನಕ್ಕೆ ಎರಡು ಸಲ ಇದನ್ನೇ ಮಾಡುತ್ತಿದ್ದಾಳೆ. ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಅರಿವೆಯಲ್ಲಿ ಕೊಡಕ್ಕೆ ಸೋಸುತ್ತಾಳೆ. ಸೋಸಿದ ಮೇಲೆ ಅರಿವೆಯನ್ನು ಹಿಂಡುವುದಿಲ್ಲ; ಮೆಲ್ಲಗೆ ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅರಿವೆಯಲ್ಲಿ ಉಳಿದದ್ದನ್ನೆಲ್ಲ ಚಿಕ್ಕದೊಂದು ತಂಬಿಗೆಗೆ ಇಳಿಸಿ, ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ, ಅದು ನೀರಿಗೆ ಮುಟ್ಟುವ ತನಕ ಬಾವಿಯೊಳಗೆ ಬಿಡುತ್ತಾಳೆ. ಯಾವ ನೀರಿನ ಜೀವವೋ ಆ ನೀರಿಗೇ ಹೋಗಬೇಕು. ಅದಕ್ಕೆ ಜೀವಾಣಿ ಬಿಡುವುದು ಅನ್ನುತ್ತಾರೆ. ಶೇಡಬಾಳದಲ್ಲಿ ಎಷ್ಟೋ ಜೈನರ ಮನೆಗಳಲ್ಲಿ ಬಾವಿಗಳಿಗೆ ಕಬ್ಬಿಣದ ಮುಚ್ಚಳ ಬಿದ್ದು ಅದರ ಮೇಲೆ ತುಳಸಿಯ ಕುಂಡ, ಹಳೇ ಟೈರು ಬಂದು ಕೂತಿವೆ. ಈ ಮನೆಯಲ್ಲಿ ಬಾವಿ ತೆರೆದುಕೊಂಡಿರುವುದು ಆಯಿಯ ಹಟದಿಂದ.

ದೀಪಾಲಿ ವೈನಿ ತಂತಿಯ ಮೇಲೆ ಅರಿವೆ ಒಣಹಾಕುತ್ತಿದ್ದಳು. ದಾದಾನ ಹೆಂಡತಿ, ಸಾಂಗಲಿಯಲ್ಲಿ ಬಿ.ಕಾಂ. ಮಾಡಿದವಳು, ಆಯಿಯನ್ನು ಕೆಣಕದಿದ್ದರೆ ಅವಳಿಗೆ ಹೊತ್ತು ಹೋಗುವುದಿಲ್ಲ.

"ಆಯಿ, ಅಡಗಿಮನ್ಯಾಗ ಫಿಲ್ಟರ್ ಹಾಕ್ಸೇವಿ. ಏಳ ಥರಾ ಸೋಸತೈತಂತ ಅದು. ನೀವ ನೋಡಿದ್ರ ಇನ್ನೂ ಹಗ್ಗಾ ಹಿಡ್ಕೊಂಡ ನಿಂತೀರಿ."

"ಸೋಸತೈತಿ, ಖರೆ. ಉಳದದ್ದ ಎಲ್ಲಿ ಇಡತೈತಿ?"

"ಎಲ್ಲಿ ಅಂದ್ರ? ಪೈಪಿನ್ಯಾಗಿಂದ ಹರದ ಹೋಗತೈತಿ."

"ಎಲ್ಲಿಗಿ?"

"ಗಟಾರಕ್ಕ."

"ನೋಡ ಮತ್ತ. ನಿನ್ನ ಪೆಟಗಿಗಿ ಕುಡಿಯಾವರ ಹೊಟ್ಟಿ ಅಷ್ಟಽ ಗೊತ್ತೈತಿ. ಬಾವಿ ಏನ ಕೊಟ್ಟತಿ ಅಂತ ಅರಿವಿ ನೋಡಿ ತಿಳಕೋಬೇಕವಾ. ಕೊಡಾ ನೋಡಿದ್ರ ಏನ ತಿಳೀತೈತಿ? ಕೊಡದಾಗಿಂದು ಎಲ್ಲಾ ಚೊಲೋನಽ ಇರತೈತಿ."

ವೈನಿ ನಕ್ಕಳು. "ಅಪೂ, ನಿಮ್ಮ ಆಯಿ ವಕೀಲ ಆಗಬೇಕಿತ್ತ ನೋಡ." ಅಪೂರ್ವ ನಗಲಿಲ್ಲ. ಅರಿವೆಯ ಮೇಲೆ ಉಳಿದದ್ದೇನು ಮಹಾ? ಪಾಚಿಯ ಒಂದು ಎಳೆ, ನಾಲ್ಕು ಕಾಳು ಮರಳು, ಜೀವವಿದ್ದರೂ ಇರಬಹುದಾದ ಒಂದು ಚುಕ್ಕೆ. ಆ ನಾಲ್ಕು ಕಾಳು ಮರಳು ಬಿಸಿಲಿಗೆ ಮಿಂಚಿದವು. ಅರಿವೆ ನೋಡಿ ತಿಳಿದುಕೊಳ್ಳಬೇಕಾಗಿತ್ತು. ತಾನು ಇಪ್ಪತ್ತು ದಿನ ಕೂತು ಬರೆದದ್ದು ಕೊಡ ನೋಡಿ.

ದಾದಾ, ಅವಳ ಅಣ್ಣ ಸನ್ಮತಿ, ಆರು ವರ್ಷ ಪೂರ್ವದ ಕಡಲಿನ ಗ್ಯಾಸ್ ಬಾವಿಗಳ ಮೇಲೆ ಇದ್ದವನು. ಈಗ ಬೆನ್ನುಹುರಿಯ ನೋವು ಹಚ್ಚಿಕೊಂಡು ಮನೆಯಲ್ಲಿಯೇ ಕೂತು ಮುಂಬಯಿಯ ಒಂದು ಸಂಸ್ಥೆಗೆ ವರದಿ ಬರೆದುಕೊಡುತ್ತಾನೆ. ಇದು ಮೊದಲನೆಯ ದೊಡ್ಡ ವರದಿ. ಇದು ಮನಸ್ಸಿಗೆ ಬಂದರೆ ಕಾಯಂ ಮಾಡಿಕೊಳ್ಳುತ್ತೇವೆ ಅಂದಿದ್ದಾರೆ. ಅವನಿಗೆ ಕೇಳಿದ ಪ್ರಶ್ನೆ ಒಂದೇ. ಕಡಲ ತಳದಿಂದ ಎರಡು ಕಿಲೋಮೀಟರು ಕೆಳಗೆ ಮೂರು ಪದರದಲ್ಲಿ ಗ್ಯಾಸು ಕೂತಿದೆ, ಅದರ ಕೆಳಗೆ ನೀರಿದೆ. ಅಲ್ಲಿ ಇನ್ನು ಮೇಲೆ ಕೊರೆಯುವ ಬಾವಿಗಳಿಗೆ ಹೊಸ ನಮೂನೆಯ ಕೊಳವೆ ಇಳಿಸಬಹುದೋ, ಹಳೆಯದೇ ಸಾಕೋ? ಹೊಸದು ಹೇಗಿರುತ್ತದೆಂದು ಅವನು ಒಂದು ಮಧ್ಯಾಹ್ನ ಕಬ್ಬಿನ ಗಳ ಹಿಡಿದು ಅವಳಿಗೆ ತೋರಿಸಿದ್ದ. "ನೋಡ, ಇದು ಕೊಳವಿ. ಈ ಗಣಿಕಿ ಇದ್ದಲ್ಲೆ ಒಂದೊಂದ ಬಾಗಲಾ ಇರತೈತಿ. ಒಂದೊಂದ ಪದರಕ್ಕ ಒಂದೊಂದ. ಮ್ಯಾಲ ಕುಂತಽ ತಗೀಬಹುದು, ಹಾಕಬಹುದು. ಒಂದ ಪದರದಾಗ ನೀರ ಬಂತಂದ್ರ ಅದರ ಬಾಗಲಾ ಅಷ್ಟಽ ಹಾಕೂದು, ಉಳದಾವ ನಡೀತಿರತಾವ." ಅಷ್ಟು ಆಳದ ಬಾಗಿಲನ್ನು ಅಷ್ಟು ಮೇಲಿನಿಂದ ಹಾಕುವುದು! ಅವಳಿಗೆ ಅದು ಎಷ್ಟು ಚಂದ ಕಂಡಿತ್ತೆಂದರೆ ರಾತ್ರಿ ಊಟದ ಹೊತ್ತಿಗೂ ಅದೇ ಯೋಚನೆ. "ಹಂಗಾರ ಅದನ್ನಽ ಹಾಕಬೇಕಲ್ಲ ದಾದಾ, ಕೇಳೂದೇನೈತಿ?" ಅಂದಿದ್ದಳು. ಅವನು ಕಬ್ಬನ್ನು ಹಲ್ಲಿಗೆ ಹಚ್ಚಿ ಸಿಬಿರು ತೆಗೆದು ಉಗುಳಿ, "ಮರಳ" ಅಂದಿದ್ದ. ಗ್ಯಾಸು ಬಿರುಸಿನಿಂದ ಮೇಲೇರುವಾಗ ತನ್ನ ಜೊತೆ ಮರಳು ತಂದರೆ ಆ ಮರಳು ಬಾಗಿಲಿನ ಅಂಚನ್ನು ತಿಂದುಬಿಡುತ್ತದೆ. ತಿಂದ ಬಾಗಿಲು ಹಾಕಿದರೂ ಹಾಕಿದಂತಲ್ಲ. ಅದನ್ನು ರಿಪೇರಿ ಮಾಡಲಿಕ್ಕೆ ಎರಡು ಕಿಲೋಮೀಟರು ಕೆಳಗೆ ಯಾರೂ ಹೋಗುವುದಿಲ್ಲ. "ಮರಳ ಇಲ್ಲಂದ್ರ ಹೊಸಾದು. ಇತ್ತಂದ್ರ ಹಳೇದು. ಅಷ್ಟಽ."

ಅಷ್ಟೇ. ಮರಳು ಇದೆಯೋ ಇಲ್ಲವೋ ಎಂದು ಹೇಳುವ ಹಾಳೆಗಳನ್ನು ಅವಳ ಕೈಗೆ ಕೊಟ್ಟಿದ್ದ. ಅಲ್ಲಿಯ ಹಳೆಯ ಬಾವಿಯೊಂದನ್ನು ಇನ್ನೂರ ಹನ್ನೆರಡು ದಿನ ಪರೀಕ್ಷೆ ಮಾಡಿದ್ದ ಹಾಳೆಗಳು, ಯಾರೋ ಡ್ಯೂಟಿಯ ಮನುಷ್ಯ ಕೈಯಿಂದ ಬರೆದವು. ಕಂಪ್ಯೂಟರಿಗೆ ಅವುಗಳನ್ನು ಓದಲಿಕ್ಕೆ ಬರಲಿಲ್ಲ, ಅವಳಿಗೆ ಬಂತು. ಆಫೀಸಿನ ಮಂದಿ ಬಿಟ್ಟು ಬೇರೆ ಯಾರಿಗೂ ತೋರಿಸುವುದಿಲ್ಲವೆಂದು ದಾದಾ ಸಹಿ ಮಾಡಿಕೊಟ್ಟಿದ್ದ ಕಾಗದ ಅವು. ಅದಕ್ಕೇ ಊರೊಳಗಿನ ಅಂಗಡಿ ಬಿಟ್ಟು ಕುಡಚಿಗೆ ಹೋಗಿ, ಸ್ಟೇಶನ್ ರೋಡಿನಲ್ಲಿ ಗುರುತಿಲ್ಲದವನ ಹತ್ತಿರ ಝೆರಾಕ್ಸ್ ತೆಗೆಸಿಕೊಂಡು, ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಬೆರಳಿನಲ್ಲಿ ಕೀಲಿ ಹುಡುಕುತ್ತ ಶುರು ಮಾಡಿದವಳು ಎರಡನೇ ವಾರಕ್ಕೆ ನೋಡದೇ ಒತ್ತುತ್ತಿದ್ದಳು. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬೆರಳು ಅವು. ಆ ಇಪ್ಪತ್ತು ದಿನ ಅವಳು ತನ್ನ ಬೆರಳುಗಳನ್ನೇ ಬೇರೆ ಯಾರದೋ ಎಂಬಂತೆ ನೋಡಿದ್ದಳು.

ಪ್ರತಿ ದಿನಕ್ಕೂ ಹಾಳೆಯಲ್ಲಿ ಎರಡು ಸಾಲು ಇದ್ದವು. ಬಾವಿಯಿಂದ ಬಂದ ಗ್ಯಾಸು ಮೇಲೆ ಬಂದ ಮೇಲೆ ಒಂದು ಜರಡಿ ಹಾಯುತ್ತಿತ್ತು. ಜರಡಿಗಿಂತ ಮೊದಲಿನದು ಮೇಲಿನ ಸಾಲು, ಜರಡಿ ಹಾಯ್ದ ನಂತರದ್ದು ಕೆಳಗಿನ ಸಾಲು. ಕಂಪ್ಯೂಟರಿನ ಪಟ್ಟಿಯಲ್ಲಿ ದಿನಕ್ಕೊಂದೇ ಜಾಗ. ಯಾವುದು ತುಂಬಲಿ ಎಂದು ಕೇಳಲಿಕ್ಕೆ ಬಾಗಿಲ ತನಕ ಹೋಗಿದ್ದಳು, ದಾದಾ ಫೋನಿನಲ್ಲಿದ್ದ, ತಿರುಗಿ ಬಂದು ಕೂತಳು. ಕೆಳಗಿನದನ್ನು ತುಂಬಿದಳು. ಎರಡರಲ್ಲಿ ಒಂದನ್ನು ಆರಿಸಿದೆ ಅಂತ ಕೂಡ ಆವಾಗ ಅನ್ನಿಸಿರಲಿಲ್ಲ. ಈ ಮನೆಯಲ್ಲಿ ಸೋಸದ ನೀರಿಗೆ ನೀರು ಅನ್ನುವುದೇ ಇಲ್ಲ. ಅದನ್ನು ಕುಡಿಯುವುದಿಲ್ಲ, ಅದರಿಂದ ಹಿಟ್ಟು ನಾದುವುದಿಲ್ಲ, ಮುನಿಗಳ ಆಹಾರಕ್ಕಂತೂ ಮುಟ್ಟಿಸುವುದಿಲ್ಲ. ಸೋಸಿದ ಮೇಲೆ ಎಷ್ಟೋ ಅಷ್ಟು. ಮರಳು ಸೊನ್ನೆ. ಮರಳು ಸೊನ್ನೆ. ಮರಳು ಸೊನ್ನೆ. ಸೊನ್ನೆಯ ಕೀಲಿ ಸಾಲಿನ ತುದಿಗೆ ಇದ್ದದ್ದರಿಂದ ಕಿರಿಬೆರಳಿನಿಂದ ಒತ್ತುತ್ತಿದ್ದಳು. ಆದರೆ ದಾದಾ ಹೇಳಿದ ಬಾಗಿಲುಗಳು ಇರುವುದು ಬಾವಿಯ ಒಳಗೆ. ಅಲ್ಲಿ ಯಾವ ಜರಡಿ?

ಒಳಗೆ ಬಂದು ಕಾಟಿನ ಕೆಳಗಿನ ಚೀಲ ಎಳೆದಳು. ಹಾಳೆಗಳಿಗೆ ಗೊಬ್ಬರದ ವಾಸನೆ ಹತ್ತಿತ್ತು. ಮೇಲಿನ ಸಾಲು: ಹದಿನಾಲ್ಕು ಗ್ರಾಂ. ಒಂಬತ್ತು. ಇಪ್ಪತ್ತೆರಡು. ಮೂವತ್ತೊಂದು. ನೂರನೆಯ ದಿನದ ನಂತರ ನಲವತ್ತರ ಕೆಳಗೆ ಇಳಿದದ್ದೇ ಇಲ್ಲ. ಒಂದು ಹಾಳೆಯಲ್ಲಿ ಅಂಕಿಯ ಕೆಳಗೆ ಆ ಡ್ಯೂಟಿಯ ಮನುಷ್ಯ ಪೆನ್ನನ್ನು ಒತ್ತಿ ಒತ್ತಿ ಅಡಿಗೆರೆ ಎಳೆದಿದ್ದ. ಅಂದು ಅದನ್ನು ನೋಡಿ, ಪಾಪ, ಶಾಯಿ ಬರದೆ ಎಳೆದಿರಬೇಕು ಅಂದುಕೊಂಡಿದ್ದಳು. ಈಗ ಅವನು ಕಾಗದದೊಳಗಿಂದ ತನ್ನನ್ನು ಕೂಗುತ್ತಿದ್ದನೇನೋ ಅನ್ನಿಸಿತು. ಹನ್ನೊಂದು ಗಂಟೆಯಾಗಿತ್ತು. ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಮರಾಠಿ ಹಾಡು ಹಚ್ಚಿಕೊಂಡು ಉಗಾರದ ಕಡೆ ಹೋಯಿತು. ಅದರ ಎರಡನೇ ಟ್ರಾಲಿ ತಿರುವಿನಲ್ಲಿ ಯಾವಾಗಲೂ ಮಾಡುವಂತೆ ಗೋಡೆಯನ್ನು ಕಬ್ಬಿನಿಂದ ಸವರಿ ಸದ್ದು ಮಾಡಿತು.

ಎದ್ದು ಹೋಗಿ ಹೇಳಿಬಿಟ್ಟರಾಯಿತು. ನಾಲ್ಕು ಮಾತಿನ ಕೆಲಸ. ದಾದಾನ ಖೋಲಿಯ ಬಾಗಿಲು ಅರ್ಧ ತೆರೆದಿತ್ತು, ಅವನ ಬೆನ್ನು ಕಾಣುತ್ತಿತ್ತು, ಬೆನ್ನಿಗೆ ಬಿಗಿದ ಪಟ್ಟಿ ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು. ಅವನು ಸಣ್ಣಗೆ ಶಿಳ್ಳೆ ಹಾಕುತ್ತಿದ್ದ. ಎಷ್ಟು ತಿಂಗಳ ಮೇಲೆ ಶಿಳ್ಳೆ. ಅವಳು ಬಾಗಿಲ ಚೌಕಟ್ಟಿಗೆ ಬೆರಳು ಹಚ್ಚಿ ನಿಂತಳು. ಒಂಬತ್ತನೆಯ ಇಯತ್ತೆಯಲ್ಲಿ ಗಣಿತದ ಸರ್ ಬರೆಯುವ ಫಳಿಯ ಕಡೆ ಮುಖ ಮಾಡಿ, "ತಿಳೀದಾವರ ಕೈ ಎತ್ತ್ರಿ" ಅಂದಿದ್ದರು. ಅವರು ಕೇಳಿದ್ದು ಖರೆ ಅಂದುಕೊಂಡು ಅವಳು ಕೈ ಎತ್ತಿದಳು. ತಿರುಗಿ ನೋಡಿದರೆ ನಲವತ್ತು ಮಂದಿಯಲ್ಲಿ ಒಂದೇ ಕೈ. ಸರ್ ಕೂಡ ಗಾಬರಿಯಾದಂತಿತ್ತು. "ಅಲ್ಲವಾ, ನಿನಗ ಏನ ತಿಳದೈತಿ ಅಂತ ಕೇಳಿದ್ರ ಲಗೂ ಮುಗೀತಿತ್ತ ನೋಡ" ಅಂದರು. ಹುಡುಗಿಯರು ನಕ್ಕದ್ದು ಸರ್ ಮೇಲೋ ತನ್ನ ಮೇಲೋ ಇಂದಿಗೂ ಅವಳಿಗೆ ಗೊತ್ತಿಲ್ಲ. ಎತ್ತಿದ ಕೈಯನ್ನು ಇಳಿಸುವುದು ಹೇಗೆ ಎಂಬುದೇ ಮರೆತುಹೋಗಿ ಅದು ಎಷ್ಟೋ ಹೊತ್ತು ಹಾಗೇ ಮೇಲೆ ಇತ್ತು. ಆಮೇಲೊಂದು ಸೋಮವಾರ ಹೊಟ್ಟೆನೋವು ಅಂದಳು, ಮಂಗಳವಾರವೂ ಅಂದಳು. ಗುರುವಾರದ ಹೊತ್ತಿಗೆ ಮನೆಯಲ್ಲಿ ಯಾರೂ ಕೇಳುವುದನ್ನೇ ಬಿಟ್ಟರು. ಹೊಡೆದು ಬಡಿದು ಕಳಿಸಿದ್ದರೆ ಹೋಗುತ್ತಿದ್ದಳೇನೋ. ಅವ್ವ ಒಂದು ಬುಟ್ಟಿ ಶೇಂಗಾ ಮುಂದೆ ಇಟ್ಟು, "ಸುಲಿ" ಅಂದಿದ್ದಳು.

"ಏನ, ಅಪೂ?" ಶಿಳ್ಳೆ ನಿಲ್ಲಿಸಿ ದಾದಾ ಕೇಳಿದ.

"ಏನಿಲ್ಲ. ಚಹಾ ಮಾಡ್ಲಿ?"

"ಈಗಽ ಆತಲ್ಲ! ನಿನಗ ಕೆಲಸಾ ಮುಗದ ಮ್ಯಾಲ ಕೈ ಕಡಿಯಾಕತ್ತಾವ ಕಾಣತೈತಿ" ಅಂದು ನಕ್ಕ. ಅವಳೂ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಕೈ ಕಡಿಯುವುದೇನೋ ಖರೆ ಇತ್ತು. ಅಡುಗೆಮನೆಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಾಗ ಇನ್ನೊಂದು ಹಳೆಯದು ಮೇಲೆ ಬಂತು. ಹನ್ನೊಂದು ವರ್ಷದವಳಿದ್ದಾಗ ಆಯಿಗೆ ಚಳಿಜ್ವರ ಬಂದು, ಜೀವಾಣಿ ಬಿಡುವ ಕೆಲಸ ಎಂಟು ದಿನ ಅವಳ ಪಾಲಿಗೆ ಬಂದಿತ್ತು. ಬೇಸಿಗೆ, ನೀರು ಕೆಳಗೆ ಹೋಗಿತ್ತು, ಬಗ್ಗಿ ನೋಡಿದರೆ ಒಂದು ಕಪ್ಪು ಕಣ್ಣು. ಎರಡನೆಯ ದಿನ ತಂಬಿಗೆಯನ್ನು ನಿಂಬೆಗಿಡದ ಬುಡಕ್ಕೆ ಸುರಿದು, ಹಗ್ಗದ ತುದಿಯನ್ನಷ್ಟೇ ತೋಯಿಸಿ, ಒಳಗೆ ಬಂದು "ಬಿಟ್ಟ ಬಂದೆ" ಅಂದಳು. ಆಯಿ ಕೌದಿಯೊಳಗಿಂದ ಕೈ ಹೊರಗೆ ತೆಗೆದು ಅವಳ ಗಲ್ಲ ಮುಟ್ಟಿ, "ಶ್ಯಾಣ್ಯಾಕಿ" ಅಂದಳು. ಉಳಿದ ಆರು ದಿನವೂ ನಿಂಬೆಗಿಡಕ್ಕೇ. ಆ ವರ್ಷ ಗಿಡ ಎಂದೂ ಬಿಡದಷ್ಟು ನಿಂಬೆ ಬಿಟ್ಟಿತು. ಅವಳು ಒಂದನ್ನೂ ಬಾಯಿಗೆ ಹಚ್ಚಲಿಲ್ಲ, ಹಲ್ಲು ಜುಮ್ಮೆನ್ನುತ್ತದೆ ಅಂತ ಹೇಳಿಕೊಂಡು ತಿರುಗಿದಳು. ಒಂದು ಸುಳ್ಳನ್ನು ಸಣ್ಣದು ಇದ್ದಾಗಲೇ ಹೇಳಿ ಮುಗಿಸಬಹುದೆಂದು ಆವಾಗಲೇ ಗೊತ್ತಿತ್ತು. ಆದರೆ ಅದು ಸಣ್ಣದಿದ್ದಾಗ ಇಷ್ಟು ಸಣ್ಣದಕ್ಕೆ ಯಾಕೆ ಅನ್ನಿಸುತ್ತದೆ.

ಒಂದು ಗಂಟೆಗೆ ದಾದಾ ಊಟಕ್ಕೆ ಬಂದ. ಅವ್ವ ಮುಂಜಾನೆಯೇ ನಿಪ್ಪಾಣಿಗೆ ಹೋಗಿದ್ದಳು, ಅಪೂರ್ವಳ ಸಲುವಾಗಿ ಒಂದು ಮನೆತನ ನೋಡಲಿಕ್ಕೆ. ಅಲ್ಲಿಂದ ವೈನಿಗೆ ಫೋನು ಬಂತು. ಹುಡುಗಿ ಏನು ಮಾಡುತ್ತಾಳೆ ಅಂತ ಕೇಳಿದರಂತೆ, ಏನು ಹೇಳಲಿ? "ಮನ್ಯಾಗ ಇರತಾಳ ಅಂತ ಹೇಳ್ರಿ ಅತ್ತಿ, ಮತ್ತೇನ ಹೇಳ್ತೀರಿ" ಅಂದಳು ವೈನಿ, ಅಪೂರ್ವಳ ಕಡೆ ಕಣ್ಣು ಮಿಟುಕಿಸಿ. ದಾದಾ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದ. ಈ ಇಪ್ಪತ್ತು ದಿನದಲ್ಲಿ ಮುಂಬಯಿಯ ಸಾಹೇಬರು ವಿಡಿಯೋದಲ್ಲಿ ಬಂದಾಗಲೆಲ್ಲ ಅಪೂರ್ವ ಟೇಬಲ್ಲಿನ ಕೆಳಗೆ, ಕ್ಯಾಮೆರಾಕ್ಕೆ ಕಾಣದಂತೆ ನೆಲದ ಮೇಲೆ ಕೂತು, ದಾದಾ ಬೆರಳು ಆಡಿಸಿದ ಹಾಗೆ ಒಂದೊಂದೇ ಹಾಳೆಯನ್ನು ಮೇಲಕ್ಕೆ ಕೊಡುತ್ತಿದ್ದಳು. ಆ ನೆಲದಿಂದ ಅವನ ಪಾದಗಳು ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಹುರುಪಿನಿಂದ ಮಾತಾಡುವಾಗಲೂ ಅವನ ಹೆಬ್ಬೆರಳು ಇನ್ನೊಂದು ಪಾದವನ್ನು ಕೆರೆಯುತ್ತಲೇ ಇರುತ್ತಿತ್ತು. ಅಷ್ಟು ಅಂಜಿಕೆ ಅವನಿಗೂ ಇದೆ ಎಂಬುದನ್ನು ನೋಡಿದವಳು ತಾನೊಬ್ಬಳೇ. ಅದನ್ನು ನೋಡಿದ್ದಕ್ಕೇ ಈಗ ಹೇಳಲಿಕ್ಕೆ ಬಾಯಿ ಬರುತ್ತಿಲ್ಲವೇನೋ.

"ಮರಳ ಒಂದ ಕಾಳೂ ಇಲ್ಲ, ದೀಪಾ," ದಾದಾ ವೈನಿಗೆ ಹೇಳುತ್ತಿದ್ದ. "ನಾ ಅಲ್ಲೆ ಇದ್ದಾಗ ಬಾಜೂ ಬಾವ್ಯಾಗ ಎಷ್ಟ ಬರತಿತ್ತ ಗೊತ್ತೈತೇನ? ಸುದೈವ ಅಂದ್ರ ಹಿಂಗಿರಬೇಕ ನೋಡ. ಹೊಸಾ ಕೊಳವಿ ಬರೊಬ್ಬರಿ ಹೊಂದತೈತಿ ಅಂತ ಬರದಬಿಟ್ಟೇನಿ."

ಬಾಜು ಬಾವಿಯಲ್ಲಿ ಬರುತ್ತಿತ್ತು! ಅಪೂರ್ವ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಳು. ಹಾಗಾದರೆ ದಾದಾನಿಗೆ ಸಂಶಯ ಬರಬೇಕಾಗಿತ್ತು. ಬಂದಿಲ್ಲವೋ, ಬಂದದ್ದನ್ನು ಅವನು ಬಾ ಅನ್ನಲಿಲ್ಲವೋ? ಅವಳ ಸೊನ್ನೆಗಳನ್ನು ಅವನು ಎಷ್ಟು ಪ್ರೀತಿಯಿಂದ ನೋಡಿರಬೇಕು. ಸಾರು ಅವನ ತಾಟಿನ ಅಂಚಿಗೆ ಬಿತ್ತು. "ಲಕ್ಷ್ಯ ಎಲ್ಲೈತಿ ಬೇ?" ಅಂದ ದಾದಾ, ಸಿಟ್ಟಿಲ್ಲದೆ.

ಎರಡು ಗಂಟೆ. ಆಯಿ ಪಡಸಾಲೆಯಲ್ಲಿ ಅಡ್ಡಾದಳು. ಎರಡೂವರೆಗೆ ಮಿರಜದ ಕಡೆಯಿಂದ ಗಾಡಿ ಬಂದು ಸ್ಟೇಶನ್ನಿನಲ್ಲಿ ಕೂಗಿ ಹೋಯಿತು. ಹೇಳದಿದ್ದರೆ ಏನಾಗುತ್ತದೆ? ದಾದಾ ಕಾಯಂ ಆಗುತ್ತಾನೆ. ಅಲ್ಲಿ, ಅವಳು ಎಂದೂ ನೋಡದ ಕಡಲಿನ ಕೆಳಗೆ, ಕಬ್ಬಿನ ಗಣಿಕೆಯಂಥ ಬಾಗಿಲುಗಳನ್ನು ಇಳಿಸುತ್ತಾರೆ. ವರ್ಷವೋ ಎರಡು ವರ್ಷವೋ, ಮರಳು ಸದ್ದಿಲ್ಲದೆ ಅವುಗಳ ಅಂಚು ತಿನ್ನುತ್ತದೆ. ಒಂದು ದಿನ ಮೇಲೆ ಕೂತವನು ಬಾಗಿಲು ಹಾಕು ಅನ್ನುತ್ತಾನೆ, ಅದು ಹಾಕಿಕೊಳ್ಳುವುದಿಲ್ಲ, ನೀರು ನುಗ್ಗುತ್ತದೆ. ಆವಾಗ ಯಾರೋ ಹಳೆಯ ಹಾಳೆ ತೆಗೆಯುತ್ತಾರೆ. ಮೇಲಿನ ಸಾಲು ನೋಡುತ್ತಾರೆ. ದಾದಾನ ಹೆಸರು ನೋಡುತ್ತಾರೆ. ಅವಳು ಇದನ್ನೆಲ್ಲ ಎಷ್ಟು ಸ್ಪಷ್ಟವಾಗಿ ಕಂಡಳೆಂದರೆ ಮೆಂತೆಯ ವಾಸನೆಯ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಎದ್ದಳು. ಮತ್ತೆ ಕೂತಳು. ಹೇಳಿದರೆ ಏನಾಗುತ್ತದೆ? ಅವನ ಶಿಳ್ಳೆ ನಿಲ್ಲುತ್ತದೆ. ಅದೊಂದನ್ನೇ ಎಷ್ಟು ಸಲ ಯೋಚಿಸಿದರೂ ಅದರ ಮುಂದಕ್ಕೆ ಮನಸ್ಸು ಹೋಗಲಿಲ್ಲ.

ಮೂರೂವರೆಗೆ ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ನಿಂತಳು. ವೈನಿ ಕಿಟಕಿಯ ಹತ್ತಿರ ಕೂತು ದಾದಾನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

"ದಾದಾ, ನಾ ಕೆಳಗಿನ ಸಾಲ ತುಂಬೇನಿ."

"ಎಲ್ಲಿ?"

"ಎಲ್ಲಾ ಕಡೆ. ದಿನಕ್ಕ ಎರಡೆರಡ ಸಾಲ ಇದ್ದೂ. ಜರಡಿ ಹಾಯೂಕಿಂತ ಮೊದಲಿಂದು, ಹಾದಮ್ಯಾಲಿಂದು. ನಾ ಹಾದಮ್ಯಾಲಿಂದ ತುಂಬೇನಿ."

ಅವನು ಕೈ ಚಾಚಿದ. ಮೇಲಿನ ಹಾಳೆ ತೆಗೆದುಕೊಂಡು ಓದಿದ. ಎರಡನೆಯದು. ನಡುವೆ ಎಲ್ಲಿಂದಲೋ ಒಂದು ಎಳೆದು ಓದಿದ. ಅವನ ಮುಖ ಸಿಟ್ಟಿಗೇಳುತ್ತದೆಂದು ಕಾದಳು. ಅದು ಸಿಟ್ಟಿಗೇಳಲಿಲ್ಲ, ನಿದ್ದೆಯಿಂದ ಎದ್ದವನ ಮುಖದಂತೆ ಬರಿದಾಯಿತು. ಆಮೇಲೆ ಸಿಟ್ಟು ಬಂತು.

"ಯಾರ ಹೇಳಿದ್ರ ನಿನಗ ಕೆಳಗಿಂದ ತುಂಬು ಅಂತ?"

"ಯಾರೂ ಹೇಳಿಲ್ಲ."

"ಕೇಳಬೇಕಿತ್ತಿಲ್ಲೋ? ಬಾಯಿಲ್ಲೇನ ನಿನಗ? ಎರಡ ಸಾಲ ಅದಾವು ಯಾವುದ ತುಂಬ್ಲಿ ಅಂತ ಒಂದ ಮಾತ ಕೇಳಾಕ ಏನ ಧಾಡಿ?"

"ನೀ ಫೋನಿನ್ಯಾಗ ಇದ್ದಿ."

"ಇಪ್ಪತ್ತ ದಿನಾ ಫೋನಿನ್ಯಾಗ ಇದ್ನೇನ ನಾ?"

ವೈನಿ ಸೂಜಿಯನ್ನು ಅಂಗಿಗೆ ಚುಚ್ಚಿ ಇಟ್ಟು ನಡುವೆ ಬಂದಳು. "ಕೆಳಗೂ ಒಂದ ಜರಡಿ ಹಾಕಿದ್ರ ಆಗೂದಿಲ್ಲೇನ್ರಿ?"

"ಹಾಕಬಹುದು. ಹಾಕಿದ್ರ ಗ್ಯಾಸ ಬರೂ ಜೋರ ಕಡಿಮಿ ಆಗತೈತಿ, ಜರಡಿ ತುಂಬಿ ಕಟ್ಟತೈತಿ. ಎಲ್ಲಾ ಲೆಕ್ಕಾ ಮತ್ತ ಮೊದಲಿಂದ. ಇಷ್ಟ ಮರಳಿಗಿ ಅದು ಹೊಂದೂದಿಲ್ಲ, ದೀಪಾ. ಹೊಂದೂದಽ ಇಲ್ಲ."

"ಹಂಗಾರ ಈಗ ಕಳಿಸಿಬಿಡ್ರಿ. ಕಾಯಂ ಆಗ್ಲಿ. ಆಮ್ಯಾಲ ನಿಧಾನಕ್ಕ ಹೇಳಿದ್ರ ಆತು. ಯಾರ ನೋಡಾಕತ್ತಾರ?"

ದಾದಾ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಬೇಡ ಅನ್ನುವುದಿರಲಿಲ್ಲ, ಅದನ್ನು ಅಪೂರ್ವ ನೋಡಿದಳು. ಆ ನೋಟ ತನ್ನ ಮೇಲೆ ಬಂದಾಗ ಅವನು ಅದನ್ನು ಬದಲಿಸಿದ್ದನ್ನೂ ನೋಡಿದಳು. ಗಂಡ ಹೆಂಡತಿಯನ್ನು ಬಿಟ್ಟು ಇದು ಗೊತ್ತಿರುವವಳು ಮನೆಯಲ್ಲಿ ತಾನೊಬ್ಬಳು. ತಾನು ಇಲ್ಲದಿದ್ದರೆ, ತನಗೆ ಗೊತ್ತಾಗಿರದಿದ್ದರೆ, ಅವನು ಕಳಿಸಿಬಿಡುತ್ತಿದ್ದ. ಅವನ ಪಾದದ ಹೆಬ್ಬೆರಳು ಇನ್ನೊಂದು ಪಾದವನ್ನು ಕೆರೆಯಲು ಶುರು ಮಾಡಿತು. "ನಾನೂ ಒಂದ ಹಾಳಿ ತಗದ ನೋಡಬೇಕಿತ್ತು" ಅಂದ, ಯಾರಿಗೋ. "ಸೊನ್ನೆ ಕಂಡೆ, ಸಾಕಂದೆ." ಫೋನು ತೆಗೆದುಕೊಂಡ.

ಸ್ಪೀಕರು ಹಚ್ಚಿ ಟೇಬಲ್ಲಿನ ಮೇಲೆ ಇಟ್ಟ, ಬೆನ್ನು ಹಿಡಿದುಕೊಂಡಿದ್ದರಿಂದ. ಸಾಹೇಬರ ಧ್ವನಿ ವಯಸ್ಸಾದವರದು, ಮೆತ್ತಗಿನದು. ದಾದಾ ಹಿಂದಿಯಲ್ಲಿ ಹೇಳಿದ: ವರದಿ ಇವತ್ತು ಬರುವುದಿಲ್ಲ ಸರ್, ಅಂಕಿ ತುಂಬುವುದರಲ್ಲಿ ತಪ್ಪಾಗಿದೆ, ಮರಳು ಇದೆ, ಬಹಳ ಇದೆ, ಉತ್ತರ ತಿರುಗಿ ಬೀಳುತ್ತದೆ. ಅಂಕಿ ತುಂಬಿದವರು ಯಾರು ಅಂತ ಕೇಳಿತು ಧ್ವನಿ. ನೀವೇ ಅಲ್ಲವೇ?

ಅಪೂರ್ವಳ ಕೈ ತಾನಾಗಿಯೇ ಮೇಲಕ್ಕೆ ಹೋಗಹತ್ತಿತ್ತು. ಹಾಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಒಬ್ಬ ಆಪರೇಟರ್, ಸರ್," ಅಂದ ದಾದಾ. "ಮಿರಜದವನು. ಆಫೀಸಿನಲ್ಲಿಯೇ, ನನ್ನ ಕಣ್ಣ ಮುಂದೆಯೇ ಕೂತು ಮಾಡಿದ್ದು. ಅವನನ್ನು ಕೆಲಸದಿಂದ ಬಿಡಿಸಿದ್ದೇನೆ."

"ತಪ್ಪು ಹಿಡಿದವರು?"

"ನಾನೇ, ಸರ್. ಕೊನೆಗೆ ಒಂದು ಸಲ ನೋಡುವಾಗ."

ಒಳ್ಳೆಯದಾಯಿತು, ಕಳಿಸಿದ ಮೇಲೆ ಗೊತ್ತಾಗಿದ್ದರೆ ಕಷ್ಟವಿತ್ತು ಅಂದರು ಸಾಹೇಬರು. ನಾಡಿದ್ದು ಕೊಡಿ. ಆ ಆಪರೇಟರನ ಪೂರ್ತಿ ಹೆಸರು ಬರೆದು ಕಳಿಸಿ, ಫೈಲಿನಲ್ಲಿ ಇರಬೇಕಾಗುತ್ತದೆ.

ಫೋನು ಆರಿತು. ಇಷ್ಟಕ್ಕೆ ಅವಳ ಮನಸ್ಸು ಹಗುರಾಗಬೇಕಾಗಿತ್ತು, ಆಗಲಿಲ್ಲ. ಬೈಗಳು ಬಂದಿದ್ದರೆ ಆಗುತ್ತಿತ್ತೇನೋ. ಹಿಡಿದವಳೂ ತಾನಲ್ಲ, ಮಾಡಿದವಳೂ ತಾನಲ್ಲ; ಇಪ್ಪತ್ತು ದಿನ ಕಿರಿಬೆರಳು ನೋಯುವಷ್ಟು ಒತ್ತಿದ ಸೊನ್ನೆಗಳೂ ಮಿರಜದವನ ಪಾಲಿಗೆ ಹೋದವು. ಅವಳಿಗೆ ಅವನ ಮೇಲೆ, ಆ ಇಲ್ಲದ ಮನುಷ್ಯನ ಮೇಲೆ, ಹೊಟ್ಟೆಕಿಚ್ಚಾಯಿತು.

"ಏನಂತ ಹೆಸರ ಬರೀತಿ ಅವಗ?" ಕೇಳಿದಳು.

"ಯಾವುದರ ಒಂದು."

"ನಂದ ಬರಿ."

"ಹುಚ್ಚ ಹಿಡದೈತೇನ? ಆಫೀಸಿನ ಮಂದಿ ಬಿಟ್ಟ ಯಾರಿಗೂ ತೋರಸೂದಿಲ್ಲಂತ ಸಹಿ ಮಾಡೇನಿ. ನಿನ್ನ ಹೆಸರ ಬರದ್ರ ನಾಳೇನಽ ಮನಿಗಿ ಕಳಸ್ತಾರ ನನ್ನ."

"ಮನ್ಯಾಗಽ ಅದೀರಲ್ಲ" ಅಂದಳು ವೈನಿ, ಬಾಯಿ ತಪ್ಪಿ. ಆಮೇಲೆ ನಾಲಿಗೆ ಕಚ್ಚಿಕೊಂಡು ಅಂಗಿ ಎತ್ತಿಕೊಂಡಳು. ದಾದಾ ಪರದೆಯ ಕಡೆ ತಿರುಗಿ ಒಂದೊಂದೇ ಅಕ್ಷರ ಒತ್ತಿದ. ರಾವಸಾಹೇಬ. ಮನೆತನದ ಹೆಸರಿನ ಜಾಗಕ್ಕೆ ಬಂದು ನಿಂತ, ಕೆಮ್ಮಿದ, ಏನೋ ಒಂದು ಬರೆದ. ಅವಳ ಕಣ್ಣೆದುರಿಗೆ ರಾವಸಾಹೇಬನಿಗೆ ಮೀಸೆ ಬಂತು, ಟಿಫಿನ್ ಡಬ್ಬಿ ಬಂತು, ಮಿರಜದಲ್ಲಿ ಒಂದು ಮನೆ ಬಂತು.

"ಈಗ ನೀ ಓದು, ನಾ ತುಂಬತೇನಿ" ಅಂದ ದಾದಾ. ಅವಳ ಬೆರಳುಗಳ ಮೇಲೆ ಅವನಿಗೆ ಇನ್ನು ಭರವಸೆ ಇಲ್ಲ. "ಮ್ಯಾಲಿನ ಸಾಲ. ದನಿ ತಗದ ಓದ, ನನಗ ಕೇಳಸೂಹಂಗ."

ಅವಳು ಕುರ್ಚಿಯ ಹಿಂದೆ ನಿಂತು ಓದಿದಳು. ಹದಿನಾಲ್ಕು. ಒಂಬತ್ತು. ಇಪ್ಪತ್ತೆರಡು. ಮೊದಮೊದಲು ಧ್ವನಿ ಸಣ್ಣಗಿತ್ತು, "ಗಟ್ಟಿ" ಅಂದ ಅವನು, ಗಟ್ಟಿಯಾಗಿ ಓದಿದಳು. ಮೂವತ್ತೊಂದು. ಇಪ್ಪತ್ತೆಂಟು. ಪಡಸಾಲೆಯಲ್ಲಿ ಆಯಿ ಎದ್ದು, "ಯಾರ ಅದು, ಅಪೂನಾ ಮಾತಾಡಾಕತ್ತಿದ್ದು?" ಅಂದದ್ದು ಕೇಳಿಸಿತು. ಅರವತ್ತನೇ ದಿನ ದಾಟಿತು, ಎಪ್ಪತ್ತು ದಾಟಿತು. ಅಂಕಿಗಳು ಒಂದರ ಹಿಂದೆ ಒಂದು ಬಾಯಿಗೆ ಬರಹತ್ತಿದವು, ಹಾಳೆ ನೋಡುವುದಕ್ಕೂ ಹೇಳುವುದಕ್ಕೂ ನಡುವೆ ಏನೂ ಇಲ್ಲದಂತಾಯಿತು. ಮೂವತ್ತಾರು. ಮೂವತ್ತೆಂಟು.

ಫೋನು ಮತ್ತೆ ಬಡಿದುಕೊಂಡಿತು. ಮುಂಬಯಿ. ದಾದಾ ಗಾಬರಿಯಿಂದ ಎತ್ತಿ, "ಹಾಂ ಸರ್" ಅಂದು, ಎಡಗೈಯ ಬೆರಳನ್ನು ತುಟಿಗೆ ಒತ್ತಿ ಅವಳ ಕಡೆ ನೋಡಿದ. ಅವಳು ಆ ಬೆರಳನ್ನು ನೋಡಿದಳು. ಮುಂದಿನ ಹಾಳೆ ಕೈಯಲ್ಲಿತ್ತು, ಆ ಹಾಳೆಯಲ್ಲಿ ಅಂಕಿಯ ಕೆಳಗೆ ಆ ಡ್ಯೂಟಿಯ ಮನುಷ್ಯ ಒತ್ತಿ ಅಡಿಗೆರೆ ಎಳೆದಿದ್ದ.

"ನಲವತ್ತಮೂರ," ಅಂದಳು ಅಪೂರ್ವ, ಅದೇ ಗಟ್ಟಿ ದನಿಯಲ್ಲಿ.

ಫೋನಿನೊಳಗಿನ ಮೆತ್ತನೆಯ ಧ್ವನಿ ಅರ್ಧಕ್ಕೆ ನಿಂತಿತು. "ಕೌನ್ ಹೈ ವಹಾಂ, ಸನ್ಮತಿ?" ಎಂದು ಕೇಳಿತು.

ದಾದಾ ತುಟಿಯ ಮೇಲಿನ ಬೆರಳು ತೆಗೆಯದೆ ಅವಳನ್ನೇ ನೋಡುತ್ತಿದ್ದ. ಅವಳು ಹಾಳೆ ತಿರುವಿದಳು.